ಸ್ಮರಣ ಸಂಚಿಕೆಗೆ ಪುಟ ಕಟ್ಟಿದ್ದು

ನಮ್ಮೂರಿನ ಪ್ರೌಢಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದಾಗ, ಲೇಖನ ಸಂಗ್ರಹದ ಜೊತೆಗೆ ಪುಟವಿನ್ಯಾಸದ ಹೊಣೆಯೂ ನನ್ನ ಪಾಲಿಗೆ ಬಂತು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಈಗಲೂ ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುತ್ತಾರೆ. 2001ರ 7.0 ಆವೃತ್ತಿಗೇ ನಿಂತುಹೋದ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯನ್ನು ಅರಿಯದ ತಂತ್ರಾಂಶ ಅದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕನ್ನಡವನ್ನು ಚೆನ್ನಾಗಿಯೇ ಮೂಡಿಸುತ್ತದೆಯಾದರೂ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳು ಸಿಗುವುದು ಚಂದಾ ಲೆಕ್ಕದಲ್ಲಿ ಮಾತ್ರ. ಊರಿನವರಿಂದ ಚಂದಾ ಎತ್ತಿ ನಡೆಯುವ ನಮ್ಮ ಸಂಘ ಕಂಪನಿಯೊಂದಕ್ಕೆ ಚಂದಾ ಕಟ್ಟುವ ಸ್ಥಿತಿಯಲ್ಲಿರಲಿಲ್ಲ. "ಕ್ರ್ಯಾಕ್ ಮಾಡಿದ್ದು ಸಿಗುತ್ತೆ, ಹಾಕಿಸಿಬಿಡೋಣ" ಎಂದು ಸದಸ್ಯರೊಬ್ಬರು ಸೂಚಿಸಿದರು. ಶಾಲೆಯ ಹೆಸರು ಹೊತ್ತ ಪುಸ್ತಕವನ್ನು ಕದ್ದ ತಂತ್ರಾಂಶದಲ್ಲಿ ಮಾಡುವುದಾದರೆ ಮುನ್ನುಡಿಗೆ ತಮ್ಮನ್ನು ಕೇಳಬೇಡಿ ಎಂದು ನಿವೃತ್ತ ಮುಖ್ಯೋಪಾಧ್ಯಾಯರು ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಉಚಿತವಾಗಿ ಸಿಗುವ ತಂತ್ರಾಂಶಗಳನ್ನೇ ನೆಚ್ಚಿ, ಪಠ್ಯಕ್ಕೆ ಲಿಬ್ರೆಆಫೀಸ್, ಚಿತ್ರಗಳಿಗೆ ಗಿಂಪ್, ಲಾಂಛನಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್ ಎಂದು ನಿರ್ಧರಿಸಿಕೊಂಡೆ. ಮೊದಲ ಮೂರರ ಬಗ್ಗೆ ನನಗೆ ಆತಂಕವಿರಲಿಲ್ಲ. ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿಯಲ್ಲಿ ಮಾತ್ರ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದುದನ್ನು ಕಂಡಿದ್ದೆ: 'ಸರಸ್ವತಿ' ಎಂದು ಬರೆದರೆ ಸಕಾರ ಅರ್ಧಕ್ಕೆ ನಿಂತು, ವಕಾರ ಅದರ ಕೆಳಗೆ ಇಳಿಯದೆ ಪಕ್ಕಕ್ಕೆ ಬಂದು ಕೂರುತ್ತಿತ್ತು. 2017ರ 1.5.3 ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆಯನ್ನು ಅದಕ್ಕೆ ಅಳವಡಿಸಿದರು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಅದು ಸ್ಥಿರ ಆವೃತ್ತಿಯ ಭಾಗವೇ ಆಯಿತು. ಹೊಸದನ್ನು ಹಾಕಿಕೊಂಡು, ನೋಟೋ ಸೆರಿಫ್ ಕನ್ನಡ ಅಕ್ಷರವನ್ನು ಆರಿಸಿ, 'ರಾಷ್ಟ್ರೀಯ', 'ಸ್ವಾತಂತ್ರ್ಯ', 'ಅರ್ಘ್ಯ' ಎಂಬಂಥ ತೊಡಕಿನ ಪದಗಳನ್ನೇ ಹುಡುಕಿ ಒಂದು ಪುಟ ತುಂಬಿಸಿದೆ. ಎಲ್ಲವೂ ಸರಿಯಾಗಿ ಬಂದವು.

ಆದರೆ ನಿಜವಾದ ತೊಡಕು ತಂತ್ರಾಂಶದಲ್ಲಿರಲಿಲ್ಲ, ಬಂದ ಲೇಖನಗಳಲ್ಲಿತ್ತು. ಕಿರಿಯರು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲೇ ಬರೆದು ವಾಟ್ಸಾಪ್‌ನಲ್ಲಿ ಕಳುಹಿಸಿದ್ದರೆ, ಹಿರಿಯರು ಡಿಟಿಪಿ ಅಂಗಡಿಯಲ್ಲಿ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದರು. ಈ ಹಳೆಯ ಅಕ್ಷರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಕಾರ ಇರಬೇಕಾದಲ್ಲಿ ಇಂಗ್ಲಿಷಿನ 'ಪಿ', ನಕಾರ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ. ನಮ್ಮ ಹಳೆಯ ಗಣಿತದ ಮೇಷ್ಟ್ರ ನೆನಪಿನ ಲೇಖನ ಪೌಂಡುಗಳಿಂದ ತುಂಬಿ, ಯಾವುದೋ ಲಂಡನ್ ಬ್ಯಾಂಕಿನ ಲೆಕ್ಕಪತ್ರದಂತೆ ತೋರಿತು. ಯೂನಿಕೋಡ್‌ಗೆ ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ನಾನು ಬಳಸಿದ ಪರಿವರ್ತಕ ಆ ಸ್ಥಾನಪಲ್ಲಟವನ್ನು ತಾನೇ ಮಾಡಿಕೊಂಡಿತು. ಅದಕ್ಕೆ ತಿಳಿಯದೆ ಹೋದದ್ದು ನಡುನಡುವೆ ಬಂದಿದ್ದ ನಿಜವಾದ ಇಂಗ್ಲಿಷ್ ಪದಗಳು. ಲೇಖಕರ ಹೆಸರಿನ ಮುಂದಿನ ಪದವಿಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿ ಮಾರ್ಪಟ್ಟಿದ್ದವು. ಮೂಲವನ್ನು ಎದುರಿಗಿಟ್ಟುಕೊಂಡು ಕರಡು ತಿದ್ದದೆ ಅವನ್ನು ಹಿಡಿಯಲು ಬೇರೆ ದಾರಿಯಿರಲಿಲ್ಲ, ದುಬಾರಿ ತಂತ್ರಾಂಶ ಕೊಂಡಿದ್ದರೂ ಆ ಕೆಲಸ ತಪ್ಪುತ್ತಿರಲಿಲ್ಲ.

ಸ್ಕ್ರೈಬಸ್‌ನಲ್ಲಿ ಪುಟ ಕಟ್ಟುವುದು ಸುಖದ ಕೆಲಸವೆಂದು ಹೇಳಲಾರೆ. ಉದ್ದನೆಯ ಲೇಖನವನ್ನು ಒಂದಕ್ಕೊಂದು ಜೋಡಿಸಿದ ಚೌಕಟ್ಟುಗಳಲ್ಲಿ ಹರಿಸಿದರೆ ಅದು ಏದುಸಿರು ಬಿಡುತ್ತದೆ. ಆದ್ದರಿಂದ ಪ್ರತಿ ಲೇಖನವನ್ನೂ ಬೇರೆ ಕಡತದಲ್ಲಿ ಸಿದ್ಧಪಡಿಸಿಕೊಂಡೆ. ಕೋಷ್ಟಕಗಳಲ್ಲಂತೂ ಅದು ತೀರಾ ದುರ್ಬಲ. ಹೆಸರು, ಊರು, ಮೊತ್ತ ಎಂದು ಮೂರು ಕಂಬಸಾಲುಗಳಲ್ಲಿ ಬರಬೇಕಿದ್ದ ದಾನಿಗಳ ಪಟ್ಟಿಯನ್ನು ಕೊನೆಗೆ ಲಿಬ್ರೆಆಫೀಸ್‌ನಲ್ಲಿ ಮಾಡಿ, ಪಿಡಿಎಫ್ ಆಗಿಸಿ, ಚಿತ್ರದಂತೆ ತಂದು ಕೂರಿಸಬೇಕಾಯಿತು. ಹಾಗಿದ್ದೂ ಉಳಿದ ಪುಟಗಳಿಗೆ ಅಚ್ಚಿನಂತಿರುವ ಮಾಸ್ಟರ್ ಪುಟ, ಪ್ಯಾರಾಗಳ ಶೈಲಿ ಇವನ್ನೆಲ್ಲ ಒಮ್ಮೆ ಸರಿಯಾಗಿ ನಿಗದಿಪಡಿಸಿದ ಮೇಲೆ, ಶೀರ್ಷಿಕೆಯ ಗಾತ್ರವನ್ನು ಒಂದು ಕಡೆ ಬದಲಿಸಿದರೆ ಆ ಕಡತದುದ್ದಕ್ಕೂ ಬದಲಾಗುವುದನ್ನು ನೋಡುವಾಗ ಪಟ್ಟ ಪಾಡು ಸಾರ್ಥಕವೆನಿಸುತ್ತಿತ್ತು.

ಪಿಡಿಎಫ್ ಹಿಡಿದು ಮುದ್ರಣಾಲಯಕ್ಕೆ ಹೋದ ದಿನ ಅಲ್ಲಿಯ ಮಾಲೀಕರು ಮೊದಲು ಕೇಳಿದ್ದು, "ಓಪನ್ ಫೈಲ್ ಇಲ್ವಾ ಸಾರ್? ಕೋರೆಲ್‌ನಲ್ಲಿದ್ದಿದ್ರೆ ಚೆನ್ನಾಗಿತ್ತು" ಎಂದು. ಅವರು ಬಯಸಿದ್ದು ತಾವೇ ತೆರೆದು ತಿದ್ದಬಹುದಾದ ಕೋರೆಲ್‌ಡ್ರಾ ತಂತ್ರಾಂಶದ ಮೂಲ ಕಡತವನ್ನು; ಸ್ಕ್ರೈಬಸ್‌ನ ಹೆಸರನ್ನೇ ಅವರು ಕೇಳಿರಲಿಲ್ಲ. ಉಚಿತದ್ದು ಎಂದೊಡನೆ ಅವರ ಮುಖದಲ್ಲಿ ಅನುಮಾನ ಇನ್ನಷ್ಟು ಗಾಢವಾಯಿತು. ಆಪರೇಟರ್ ಹುಡುಗ ಕಡತವನ್ನು ತೆರೆದು ಪರೀಕ್ಷಿಸತೊಡಗಿದ. ಸುತ್ತಲೂ ಮೂರು ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಇತ್ತು. ಬಣ್ಣಗಳು ಸಿಎಂವೈಕೆಯಲ್ಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿದ್ದವು; ಒಂದೊಂದು ಶಾಯಿಗೂ ಒಂದೊಂದು ಪ್ಲೇಟು. ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಎಂದರೆ ಬರೀ ಆಕಾರಗಳಾಗಿಸಿ ಕೊಟ್ಟಿದ್ದರಿಂದ ಅವರಲ್ಲಿ ಆ ಫಾಂಟ್ ಇಲ್ಲದಿದ್ದರೂ ತೊಂದರೆಯಿರಲಿಲ್ಲ. ಅವನು ಬಹಳ ಹೊತ್ತು ನೋಡಿದ್ದು ಕಪ್ಪು ಅಕ್ಷರಗಳನ್ನು: ಲೇಖನದ ಅಕ್ಷರಗಳು ಕಪ್ಪು ಪ್ಲೇಟಿನಲ್ಲಿ ಮಾತ್ರ ಇವೆಯೋ, ನಾಲ್ಕೂ ಪ್ಲೇಟುಗಳಲ್ಲಿ ಹರಡಿಕೊಂಡಿವೆಯೋ ಎಂದು. ಲೇಖನಗಳೆಲ್ಲ ಸರಿಯಿದ್ದವು; ದಾನಿಗಳ ಪಟ್ಟಿ ಮಾತ್ರ ಲಿಬ್ರೆಆಫೀಸ್‌ನಿಂದ ಬಂದದ್ದಾದ್ದರಿಂದ ನಾಲ್ಕರಲ್ಲೂ ಇತ್ತು. "ಇದೊಂದನ್ನ ಗ್ರೇಸ್ಕೇಲ್‌ಗೆ ಹಾಕ್ಕೋತೀನಿ ಬಿಡಿ" ಎಂದು ಅಲ್ಲೇ ಸರಿಪಡಿಸಿದ.

ತಂತ್ರಾಂಶಕ್ಕೆಂದು ತೆಗೆದಿರಿಸಿದ್ದ ಹಣದಲ್ಲಿ ಹಳೆಯ ಗುಂಪು ಫೋಟೋಗಳ ಪುಟಗಳನ್ನು ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿಸಿದೆವು. ಉಳಿದದ್ದರಲ್ಲಿ ಸ್ವಲ್ಪವನ್ನು ಸ್ಕ್ರೈಬಸ್ ಯೋಜನೆಗೆ ದೇಣಿಗೆಯಾಗಿ ಕಳುಹಿಸೋಣವೆಂದು ನಾನು ಸಭೆಯಲ್ಲಿ ಪ್ರಸ್ತಾಪಿಸಿದೆ. ಖಜಾಂಚಿಯವರು ರಸೀದಿ ಯಾರ ಹೆಸರಿಗೆ ಬರುತ್ತದೆ, ಹೊರದೇಶಕ್ಕೆ ಹೋದ ಹಣವನ್ನು ಆಡಿಟ್‌ನಲ್ಲಿ ಯಾವ ಬಾಬ್ತಿನಲ್ಲಿ ತೋರಿಸುವುದು ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಸಂಘದ ಲೆಕ್ಕ ಬೇಡ, ಇಷ್ಟವಿದ್ದವರು ಸ್ವಂತವಾಗಿ ಕಳುಹಿಸಬಹುದು ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದೆವು.