ಸಿಡುಬು ಹೋಯಿತು, ಉಳಿದ ರೋಗಗಳು ಯಾಕೆ ಹೋಗಲಿಲ್ಲ?

ಆರೋಗ್ಯದ ವಿಷಯ ಬರೆಯುವ ನನಗೆ ಆಗಾಗ ಎದುರಾಗುವ ಪ್ರಶ್ನೆ ಇದು: "ಸಿಡುಬನ್ನು ಬೇರುಸಮೇತ ಕಿತ್ತರಲ್ಲ, ಮತ್ತೆ ಪೋಲಿಯೊ, ದಡಾರ, ಮಲೇರಿಯಾ ಯಾಕೆ ಇನ್ನೂ ಇವೆ?" ಸಿಡುಬಿನ ಲಸಿಕೆ ಅಷ್ಟು ಚೆನ್ನಾಗಿತ್ತು, ಅದಕ್ಕೇ ಹೋಯಿತು ಎಂದು ಹೆಚ್ಚಿನವರ ಊಹೆ.

ಲಸಿಕೆ ಚೆನ್ನಾಗಿತ್ತು, ನಿಜ. ಆದರೆ ಎಡ್ವರ್ಡ್ ಜೆನ್ನರ್ ಅದನ್ನು ಪ್ರಯೋಗ ಮಾಡಿ ನೋಡಿದ್ದು 1796ರಲ್ಲಿ. 1967ರಲ್ಲೂ ಸುಮಾರು ಒಂದು ಕೋಟಿ ಜನರಿಗೆ ಸಿಡುಬು ಬಂದಿತ್ತೆಂದು ಅಂದಾಜು. ಅದರ ಉಗ್ರ ರೂಪ ತಗುಲಿದ ಹತ್ತು ಜನರಲ್ಲಿ ಮೂವರು ಸಾಯುತ್ತಿದ್ದರು. ಲಸಿಕೆಯೊಂದೇ ಸಾಕಿದ್ದರೆ ಅಷ್ಟು ಕಾಲ ಬೇಕಿರಲಿಲ್ಲ ಅಲ್ವಾ?

ನನ್ನ ಪ್ರಕಾರ, ಸಿಡುಬಿಗೆ ಅಡಗಿಕೊಳ್ಳಲು ಬರುತ್ತಿರಲಿಲ್ಲ. ಅದು ಬದುಕುತ್ತಿದ್ದದ್ದು ಮನುಷ್ಯರಲ್ಲಿ ಮಾತ್ರ. ರೋಗಿಯ ಮುಖದ ಮೇಲೇ ಗುಳ್ಳೆ ಏಳುತ್ತಿದ್ದವು. ಸೋಂಕು ತಗುಲಿದ ಮೇಲೆ ಜ್ವರ ಬರಲು ಒಂದೆರಡು ವಾರ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಅದು ಇನ್ನೊಬ್ಬರಿಗೆ ದಾಟುತ್ತಿರಲಿಲ್ಲ. ಸೋಂಕು ತಗುಲಿದ ಮೂರ್ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ಕಾಯಿಲೆಯನ್ನು ತಡೆಯಬಹುದಿತ್ತು. ಅಂದರೆ ಹುಡುಕುವವರಿಗೆ ಸಮಯ ಸಿಗುತ್ತಿತ್ತು.

ಈ ದೌರ್ಬಲ್ಯ ಚೆನ್ನಾಗಿ ಬಳಕೆಗೆ ಬಂದದ್ದು 1966ರ ಕೊನೆಗೆ, ಪೂರ್ವ ನೈಜೀರಿಯಾದಲ್ಲಿ. ಅಲ್ಲಿದ್ದ ವೈದ್ಯ ವಿಲಿಯಂ ಫೇಗಿ ಅವರ ಬಳಿ ಎಲ್ಲರಿಗೂ ಸಾಲುವಷ್ಟು ಲಸಿಕೆ ಇರಲಿಲ್ಲ. ರೋಗಿಗಳನ್ನು ಹುಡುಕಿ ಅವರ ಸುತ್ತಲಿನವರಿಗೆ ಹಾಕಿದರು. ಬೆಂಕಿಯ ಸುತ್ತಲಿನ ಒಣಹುಲ್ಲು ಕಿತ್ತ ಹಾಗೆ. ರೋಗ ನಿಂತಿತು. ಭಾರತದಲ್ಲೂ ಇದೇ ದಾರಿ ಹಿಡಿದರು. ಕಾರ್ಯಕರ್ತರು ಸಿಡುಬು ಬಂದ ಮಗುವಿನ ಚಿತ್ರ ಹಿಡಿದು ಮನೆಮನೆಗೆ ಹೋಗಿ, "ಹೀಗೆ ಯಾರಿಗಾದರೂ ಆಗಿದೆಯಾ?" ಎಂದು ಕೇಳುತ್ತಿದ್ದರು. ಸುದ್ದಿ ಕೊಟ್ಟವರಿಗೆ ಬಹುಮಾನ. ರೋಗಿಗಳು ಕಡಿಮೆಯಾದ ಹಾಗೆ ಬಹುಮಾನ ಜಾಸ್ತಿಯಾಯಿತು! ಈ ಉಪಾಯ ನನಗೆ ತುಂಬಾ ಇಷ್ಟ. ಭಾರತದ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. ಸಹಜವಾಗಿ ಹರಡಿದ ಸಿಡುಬು ಜಗತ್ತಿನಲ್ಲೇ ಕೊನೆಯದಾಗಿ ಕಾಣಿಸಿದ್ದು 1977ರಲ್ಲಿ, ಸೊಮಾಲಿಯಾದ ಒಬ್ಬ ಆಸ್ಪತ್ರೆ ಅಡುಗೆಯವರಲ್ಲಿ.

ಉಳಿದ ರೋಗಗಳು ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ದಡಾರ, ಮೈಮೇಲೆ ದದ್ದು ಏಳುವ ಮುಂಚೆಯೇ ಹರಡುತ್ತದೆ. ಮಲೇರಿಯಾಕ್ಕೆ ಸೊಳ್ಳೆಯ ಆಸರೆ ಇದೆ. ಪೋಲಿಯೊ ಸೋಂಕು ತಗುಲಿದ ಇನ್ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಆಗುತ್ತದೆ. ಉಳಿದವರು ಗೊತ್ತೇ ಆಗದೆ ಅದನ್ನು ದಾಟಿಸುತ್ತಾರೆ. ದಾರದಂಥ ಹುಳ ಚರ್ಮ ಸೀಳಿ ಹೊರಬರುವ ನಾರುಹುಣ್ಣು ಇನ್ನೇನು ಹೋಗಿಯೇಬಿಟ್ಟಿತು ಅನ್ನುವಾಗ ಆಫ್ರಿಕಾದ ಚಾಡ್‌ನಲ್ಲಿ ನಾಯಿಗಳ ಮೈಯಲ್ಲಿ ಅದರ ಹುಳ ಸಿಕ್ಕಿತು. ಈಗ ಅಲ್ಲಿ ಜನರ ಜೊತೆ ನಾಯಿಗಳ ಮೇಲೂ ಕಣ್ಣಿಡಬೇಕಾಗಿದೆ.