ಹಾಗ್ ಐಲ್ಯಾಂಡ್ ಬೋವಾ ಹಾವು: ಮೂರನೇ ವರ್ಷಕ್ಕೆ ಮರಿ ಆಯ್ತು ಮಾರಾಯ್ರೆ!

ಜೂನ್ 14ರ ರಾತ್ರಿ, ಹೊರಗೆ ಜಡಿಮಳೆ, ಟಬ್ ಎಳೆದು ನೋಡಿದ್ರೆ 11 ಮರಿ, ಸ್ಲಗ್ (ಫಲಿಸದ ಮೊಟ್ಟೆ) ಎರಡೇ ಎರಡು. ಎರಡು ವರ್ಷ ಬರೀ ಹಳದಿ ಸ್ಲಗ್ ಎಣಿಸಿದ್ದೆ, ಕಣ್ಣಲ್ಲಿ ನೀರು ಬಂತು.

ಜೋಡಿ ಹಾಕಿದ್ದು, ಲಾಕ್ ಆದದ್ದು (ಅಂದ್ರೆ ಕೂಡಿದ್ದು) ಎಲ್ಲ ಬೋವಾ ಸಾಕುವವರಿಗೆ ಗೊತ್ತಿರೋದೇ. ಓವ್ಯುಲೇಶನ್ (ಅಂಡ ಬಿಡುಗಡೆ) ಆದ್ಮೇಲಿನ ಪೊರೆ ಫೆಬ್ರವರಿ 27ಕ್ಕೆ ಬಿಟ್ಟಿದ್ದು, 107ನೇ ದಿನಕ್ಕೆ ಮರಿ. ಹೇಳ್ಲಿಕ್ಕಿರೋದು ಚಳಿ ವಿಷಯ, ರಾತ್ರಿಯ ತಂಪು ಸಿಕ್ಕಿದ್ರೆ ಇವು ಕೂಡ್ಲಿಕ್ಕೆ ಏಳ್ತಾವೆ.

ಮೊದಲ ವರ್ಷ ಹೆಣ್ಣು ಸಣ್ಣದಾಯ್ತು ಅಂದ್ಕೊಂಡೆ, ಎರಡನೇ ವರ್ಷ ಗಂಡಿನ ಮೇಲೆ ಡೌಟು, ಒಬ್ರು ಕಾಮನ್ ಬೋವಾ ಗಂಡು ಹಾಕಿ ನೋಡಿ ಅಂದ್ರು, ಅದು ಮಾತ್ರ ಆಗ್ಲಿಕ್ಕಿಲ್ಲ, ಇದು ಹೊಂಡುರಾಸ್‌ನ ಕಾಯೋಸ್ ಕೊಚಿನೋಸ್ (ಹಾಗ್ ಐಲ್ಯಾಂಡ್ಸ್) ದ್ವೀಪಗಳ ಲೈನು, ಅಂದ್ರೆ ಶುದ್ಧ ತಳಿ, ಪೆಟ್ ಟ್ರೇಡಿಗೆ ಹಿಡಿದು ಹಿಡಿದು ಅಲ್ಲೇ ಅಪರೂಪ ಆಗಿತ್ತು, ಒಂದ್ಸಲ ಬೆರೆಸಿದ್ರೆ ಆ ಲೈನ್ ಮುಗೀತು. ಕೊನೆಗೆ ರ‍್ಯಾಕ್ ಒಳಗೆ ತಾಪ ದಾಖಲಿಸುವ ಲಾಗರ್ ಇಟ್ಟೆ. ಡಿಸೆಂಬರ್‌ನಲ್ಲೂ ರಾತ್ರಿ ಎರಡು ಗಂಟೆಗೆ 28 ಡಿಗ್ರಿ! ಮಂಗಳೂರಲ್ಲಿ ಮೇಲಿನ ಮಹಡಿ, ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಕಾದು ರಾತ್ರಿಯೆಲ್ಲ ಬಿಸಿ ಬಿಡ್ತದೆ. ಥರ್ಮೋಸ್ಟ್ಯಾಟ್ ಮಾತ್ರ 25 ತೋರಿಸ್ತಾ ಇತ್ತು. ಸಪ್ಲೈಯರಿಗೆ ಫೋನ್ ಮಾಡಿದ್ರೆ "ಪ್ರೋಬ್ (ತಾಪ ಅಳೆಯುವ ತುದಿ) ಸರಿ ಇಡಿ ಸರ್", ಬದಲಿಗೆ ಕಳಿಸಿದ ಪೀಸೂ ಮೂರು ಡಿಗ್ರಿ ಸುಳ್ಳು. ಎರಡು ಸೀಸನ್ ಹೋಯ್ತಲ್ಲ, ಆ ಸಿಟ್ಟು ಇನ್ನೂ ಉಂಟು.

ನವೆಂಬರ್‌ನಲ್ಲಿ ಜೋಡಿಯನ್ನ ಹೆಬ್ರಿಯ ಅಜ್ಜಿ ಮನೆಗೆ ಸಾಗಿಸಿದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಘಟ್ಟದ ಬುಡ. ಹಗಲು ಹಾಟ್ ಸ್ಪಾಟ್ 31, ರಾತ್ರಿ ಹೀಟ್ ಪೂರ್ತಿ ಆಫ್, ಬೆಳಗಿನ ಜಾವ 21ಕ್ಕೆ ಇಳಿದದ್ದೇ ತಡ, ವರ್ಷಗಟ್ಟಲೆ ಮೂಲೆ ಹಿಡಿದ ಗಂಡು ಮೂರೇ ದಿನದಲ್ಲಿ ಎದ್ದು ಬಂತು. ಅಜ್ಜಿ ಮೊದಲು ಬೇಡವೇ ಬೇಡ ಅಂದಿದ್ರು, ಆಮೇಲೆ ನಾಗಬನಕ್ಕೆ ತನು (ಹಾಲಿನ ಸೇವೆ) ಹಾಕಿಸಿ "ಇವೂ ನಾಗನ ಸಂತತಿಯೇ ಅಲ್ವಾ" ಅಂತ ದಿನಾ ವಿಚಾರಿಸ್ಲಿಕ್ಕೆ ಶುರು. ಫೆಬ್ರವರಿಯಲ್ಲಿ ಹೆಣ್ಣನ್ನ ವಾಪಸ್ ತಂದೆ, ಬಸುರಿಗೆ ಬಿಸಿ ಬೇಕಲ್ಲ, ಅದಕ್ಕೆ ನಮ್ಮ ಮಹಡಿಯೇ ಸರಿ.

ಮುಂದಿನದು ಬೆಲೀಜ್‌ನ ಕ್ರಾಲ್ ಕೇ ದ್ವೀಪದ ಬೋವಾ ಲೈನು, ಪೇಪರ್ (ದಾಖಲೆ) ಇರುವ ಜೋಡಿ ಸಿಕ್ಕಿದ್ರೆ ಮಾತ್ರ, ಥರ್ಮಾಕೋಲ್ ಒಳಪದರದ ಕಪಾಟಿನ ಡ್ರಾಯಿಂಗ್ ಆಗ್ಲೇ ಗೋಡೆ ಮೇಲುಂಟು.

ಈಗ 11 ಮರಿಗಳದ್ದೂ ಲೆಕ್ಕ ಸರಕಾರದ ಪರಿವೇಶ್ ಪೋರ್ಟಲಲ್ಲಿ (ವಿದೇಶಿ ಪ್ರಾಣಿಗಳ ನೋಂದಣಿ ಅಲ್ಲೇ) ಹಾಕ್ಬೇಕು. ಮೊದಲ ಪೊರೆ ಬಿಟ್ಟ ಕೂಡ್ಲೇ ಊಟ ಬೇಕು, ಇಲಿ ಪಾರ್ಸೆಲ್ ಇನ್ನೂ ಬಂದಿಲ್ಲ.