ಬೆಟ್ಟದ ಕಡೆಗೆ ಉಕ್ಕಿದ ಹಾಲು

ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ನಾವು ಬದಲಿಸಿದೆವು.

ಬೇರೆ ದಾರಿ ಇರಲಿಲ್ಲ. ನಮ್ಮ ಮನೆಯವರಿಗೆ ಧಾರವಾಡದ ಕಡೆಯಿಂದ ಮೈಸೂರಿಗೆ ವರ್ಗವಾಗಿತ್ತು. ಗುರುವಾರದೊಳಗೆ ಹಾಜರಾಗಬೇಕಿತ್ತು. ಮಗಳಿಗೆ ಆರು ವರ್ಷ, ಅಲ್ಲಿ ಶಾಲೆ ಶುರುವಾಗಿಬಿಟ್ಟಿತ್ತು. ಒಂದು ತಿಂಗಳು ಅವರೊಂದು ಕಡೆ, ನಾವೊಂದು ಕಡೆ ಇರೋಣ ಅಂದರೆ ಮನಸ್ಸು ಒಪ್ಪಲಿಲ್ಲ.

ಅತ್ತೆಗೆ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಆಷಾಢದಾಗ ಯಾರರ ಮನಿ ಬದಲಸ್ತಾರೇನವಾ?" ಅಂದರು. ಸಿಟ್ಟಿರಲಿಲ್ಲ, ದನಿಯಲ್ಲಿ ಹೆದರಿಕೆ ಇತ್ತು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಒಲೆ ಹೂಡುವುದಿಲ್ಲ. ಮಳೆ ಹಿಡಿಯುವ ಕಾಲ, ಹೊಲದಲ್ಲಿ ಕೈತುಂಬ ಕೆಲಸ ಇರುವ ಕಾಲ. ಹಿರಿಯರು ಸುಮ್ನೆ ಮಾಡಿದ ನಿಯಮ ಅಲ್ಲ ಅದು ಅಂತ ನನಗೂ ಅನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತೆಯೇ ದಾರಿ ಹೇಳಿದರು. "ಅಲ್ಲಿ ಚಾಮುಂಡವ್ವ ಅದಾಳ. ಮೊದಲ ಅಕಿಗೆ ಹೋಗಿ ಹೇಳಿ ಬರ್ರಿ. ಅಕಿ ಊರಾಗ ಅಕಿನ್ನ ಕೇಳದ ಹಾಲ ಉಕ್ಕಸಬ್ಯಾಡ್ರಿ." ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಸುತ್ತೇನೆ ಅಂತ ನನ್ನ ಪರವಾಗಿ ಹರಕೆಯನ್ನೂ ಹೊತ್ತರು. ಸವದತ್ತಿ ಯಲ್ಲಮ್ಮ ನಮ್ಮ ಮನೆದೇವರು. ಗುಡ್ಡದಿಂದ ತಂದಿದ್ದ ಭಂಡಾರವನ್ನು, ಅಂದರೆ ಪ್ರಸಾದದ ಅರಿಶಿನವನ್ನು, ಕಾಗದದಲ್ಲಿ ಕಟ್ಟಿ ನನ್ನ ಸೀರೆಯ ಸೆರಗಿಗೆ ಗಂಟು ಹಾಕಿದರು.

ಮಗಳ ಚಿಂತೆಯೇ ಬೇರೆ. ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆ. ಅವಳು ತಾನೇ ಮಾಡಿದ ಎರಡು ಮಣ್ಣೆತ್ತುಗಳನ್ನು ಬಿಟ್ಟು ಬರುವುದಿಲ್ಲ ಅಂತ ಹಟ ಹಿಡಿದಳು. ನಾವು ರೈಲು ಹತ್ತಿದ್ದು ಮಂಗಳವಾರ ರಾತ್ರಿ. ಆಷಾಢದ ಮಂಗಳವಾರ ಅಂದರೆ ನಮ್ಮ ಕಡೆ ಗುಳ್ಳವ್ವನ ದಿನ. ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಆರತಿ ಹಿಡಿದು ಹಾಡುತ್ತಾರೆ. ಓಣಿಯ ಗೆಳತಿಯರೆಲ್ಲ ಅಲ್ಲಿ ಹಾಡುತ್ತಿದ್ದಾಗ ಇವಳು ಬೂಟಿನ ಡಬ್ಬಿಯಲ್ಲಿ ಎರಡು ಎತ್ತು ಇಟ್ಟುಕೊಂಡು ರೈಲಿನ ಕಿಟಕಿಯಲ್ಲಿ ಕತ್ತಲು ನೋಡುತ್ತಾ ಕೂತಿದ್ದಳು. ಅರಸೀಕೆರೆ ದಾಟುವಷ್ಟರಲ್ಲಿ ಒಂದು ಎತ್ತಿನ ಕೊಂಬು ಮುರಿದಿತ್ತು. ಅವಳು ಅಳಲಿಲ್ಲ. ಅದನ್ನು ನೋಡಿ ನನಗೇ ಅಳು ಬಂತು.

ಮನೆ ಸಿಕ್ಕಿದ್ದು ವಿದ್ಯಾರಣ್ಯಪುರಂನಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಸಾಮಾನಿನ ಲಾರಿ ಬುಧವಾರ ಸಂಜೆ ಮಳೆಯಲ್ಲೇ ಬಂತು. ತಾಡಪತ್ರೆ ಹರಿದಿತ್ತು. ಬಟ್ಟೆ, ಹಾಸಿಗೆ ನೆನೆದದ್ದಕ್ಕೆ ಬೇಸರ ಆಗಲಿಲ್ಲ. ದೇವರ ಫೋಟೋಗಳ ಡಬ್ಬಿಯೊಳಗೆ ನೀರು ಹೋಗಿತ್ತು. ಯಲ್ಲಮ್ಮನ ಪಟದ ಗಾಜಿನೊಳಗೆ ನೀರಿಳಿದು ಅವಳ ಮುಖದ ಅರ್ಧ ಮಸುಕಾಗಿತ್ತು. ಅತ್ತೆಯ ಹೆದರಿಕೆ ಆಗ ನನಗೂ ತಗುಲಿತು. ಆಷಾಢದಲ್ಲಿ ಬಂದದ್ದು ತಪ್ಪಾಯಿತೇನೋ ಅನಿಸಿತು. ಸೆರಗಿನಿಂದ ಪಟ ಒರೆಸುತ್ತಾ ಬಾಗಿಲಲ್ಲೇ ಕೂತುಬಿಟ್ಟೆ.

ಪಕ್ಕದ ಮನೆಯ ಅಜ್ಜಿ ನೋಡಿದ್ದು ಆಗ. ಕೈಯಲ್ಲಿ ಕಾಫಿ ಲೋಟ ಹಿಡಿದು ಬಂದರು. "ಏನಮ್ಮಾ, ಇನ್ನೂ ಹಾಲು ಉಕ್ಕಿಸಿಲ್ವಾ?" ಅಂದರು. ನಾನು ಎಲ್ಲ ಹೇಳಿದೆ. ಆಷಾಢ, ಅತ್ತೆಯ ಮಾತು, ಒದ್ದೆಯಾದ ಪಟ, ಎಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅಯ್ಯೋ ಮಗಳೇ, ಆಷಾಢದಲ್ಲಿ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ತಾರೆ ಹೇಳು?" ಅಂದರು.

"ತವರಿಗೆ."

"ಮತ್ತೆ? ನೀನು ಬಂದಿರೋದು ಎಲ್ಲಿಗೆ ಅಂದ್ಕೊಂಡಿದೀಯ?" ಅಂತ ಹೇಳಿ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಡುಗೆಮನೆಯ ಕಿಟಕಿಗೆ ಎದುರಾಗಿ, ಮಳೆ ಮೋಡದ ನಡುವೆ ಬೆಟ್ಟ ಕಾಣಿಸಿತು. ಮೇಲೆ ಒಂದಿಷ್ಟು ದೀಪಗಳು.

ಬೇರೆ ಕಡೆ ಆಷಾಢ ಅಂದರೆ ಶುಭಕಾರ್ಯಕ್ಕೆಲ್ಲ ಬಾಗಿಲು ಹಾಕಿದ ತಿಂಗಳು. ಮೈಸೂರಿನಲ್ಲಿ ಹಾಗಲ್ಲ. ಇಲ್ಲಿ ಅದು ತಾಯಿಯದೇ ತಿಂಗಳು. ಅವಳ ವರ್ಧಂತಿ ಬರುವುದೂ ಈ ತಿಂಗಳಲ್ಲೇ. ಆಷಾಢದ ಒಂದೊಂದು ಶುಕ್ರವಾರವೂ ಬೆಟ್ಟಕ್ಕೆ ಊರಿಗೆ ಊರೇ ಹತ್ತುತ್ತದೆ. ಇದನ್ನು ಮೊದಲೂ ಕೇಳಿದ್ದೆ. ಆದರೆ ತವರಿನ ಮಾತು ಅಜ್ಜಿಯ ಬಾಯಿಂದ ಬಂದ ಮೇಲೆಯೇ ಅದು ನನಗೆ ತಿಳಿದದ್ದು.

ಎರಡು ದಿನ ಒಲೆ ಹಚ್ಚಲಿಲ್ಲ. ಹೋಟೆಲಿನ ಇಡ್ಲಿ, ಊರಿಂದ ಕಟ್ಟಿಕೊಂಡು ಬಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಜ್ಜಿಯ ಮನೆಯ ಸಾರು.

ಶುಕ್ರವಾರ ಬೆಳಗಿನ ಜಾವ ನಾಲ್ಕೂವರೆಗೆ ಬೆಟ್ಟದ ಪಾದದ ಹತ್ತಿರ ಇದ್ದೆವು. ಕತ್ತಲಲ್ಲೇ ಅಷ್ಟು ಜನ! ಹೂವು, ಕರ್ಪೂರ, ಅರಿಶಿನ ಕುಂಕುಮದ ಪೊಟ್ಟಣ ಮಾರುವವರು ಸಾಲಾಗಿ ಕೂತಿದ್ದರು. ಸಾವಿರಕ್ಕೂ ಮೇಲೆ ಮೆಟ್ಟಿಲು. ದೊಡ್ಡ ದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1659ರಿಂದ 1673ರ ನಡುವೆ, ಕಟ್ಟಿಸಿದ ಮೆಟ್ಟಿಲು ಇವು. ಮುನ್ನೂರೈವತ್ತು ವರ್ಷದಿಂದ ಹೆಂಗಸರು ಹೀಗೆ ಹತ್ತುತ್ತಲೇ ಇದ್ದಾರೆ.

ಮೊದಲ ಮೆಟ್ಟಿಲಿಗೆ ಬಗ್ಗಿ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟೆ. ಆಮೇಲೆ ಎರಡನೆಯದು. ನೂರರವರೆಗೆ ಮಗಳು ಜೋರಾಗಿ ಎಣಿಸಿದಳು. ಆಮೇಲೆ ಲೆಕ್ಕ ತಪ್ಪಿತು, ಬಿಟ್ಟಳು. ಇನ್ನೂರು ದಾಟುವಷ್ಟರಲ್ಲಿ ನನ್ನ ಸೊಂಟ ಮಾತಾಡತೊಡಗಿತು. ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ಮೊದಮೊದಲು ಒಂದೊಂದು ಮೆಟ್ಟಿಲಿಗೂ ಒಂದೊಂದು ಬೇಡಿಕೆ ಇತ್ತು. ಮಗಳಿಗೆ ಶಾಲೆ ಹೊಂದಲಿ, ಅವರ ಕೆಲಸ ಸಲೀಸಾಗಲಿ, ಬಾಡಿಗೆ ಮನೆಯವರು ಒಳ್ಳೆಯವರಿರಲಿ, ಊರಲ್ಲಿ ಅತ್ತೆ ಒಬ್ಬರೇ ಇದ್ದಾರೆ, ಅವರಿಗೆ ಆರೋಗ್ಯ ಕೊಡು ತಾಯಿ. ಆಮೇಲೆ ಬೇಡಿಕೆಗಳು ಮುಗಿದವು. ಮೆಟ್ಟಿಲು ಇನ್ನೂ ಇದ್ದವು. ಕೇಳುವುದೇನೂ ಉಳಿಯದೆ ಬರೀ ಬಗ್ಗಿ ಹಚ್ಚುತ್ತಾ ಹೋದ ಆ ಹೊತ್ತು ಇದೆಯಲ್ಲ, ಅದನ್ನು ಹೇಗೆ ಬರೆಯಲಿ? ನನ್ನ ಕೈ ಅವಳ ಕಾಲ ಮೇಲೆಯೇ ಇದ್ದ ಹಾಗಿತ್ತು.

ಒಂದು ತಿರುವಿನಲ್ಲಿ ನನ್ನ ಕುಂಕುಮ ಖಾಲಿಯಾಯಿತು. ಎಷ್ಟು ಬೇಕಾಗುತ್ತದೆ ಅಂತ ಹೊಸಬಳಾದ ನನಗೆ ಅಂದಾಜಿರಲಿಲ್ಲ. ಖಾಲಿ ಪೊಟ್ಟಣ ಹಿಡಿದು ನಿಂತಾಗ ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ನನ್ನ ಅಂಗೈಗೆ ತಮ್ಮ ಡಬ್ಬಿಯಿಂದ ಸುರಿದರು. "ತಗೊಳ್ಳಮ್ಮ, ನಿಲ್ಲಿಸಬೇಡ" ಅಂದರು. ನಿಮಗೆ ಕಡಿಮೆ ಆಗುತ್ತಲ್ವಾ ಅಂದೆ. "ನೀನು ಹಚ್ಚಿದ ಮೆಟ್ಟಿಲಿಗೂ ನಾನು ಹಚ್ಚುತ್ತಿಲ್ವಾ? ಎಲ್ಲ ಒಂದೇ" ಅಂತ ಹೇಳಿ ಮತ್ತೆ ಬಗ್ಗಿದರು. ಅವರ ಹೆಸರು ಕೇಳಲು ಆಗಲಿಲ್ಲ. ಮೈಸೂರು ನನಗೆ ಕೈಯಾರೆ ಕೊಟ್ಟ ಮೊದಲ ಕುಂಕುಮ ಅದು.

ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಕೊರಳ ಗಂಟೆಯ ಸರಗಳ ಮೇಲೆ ಮಳೆಹನಿ ನಿಂತಿತ್ತು. ಮಗಳು ಅಪ್ಪನ ಹೆಗಲಿನಿಂದ ಇಳಿದು ಬಾಯಿ ತೆರೆದು ನಿಂತಳು. "ಅಪ್ಪಾ, ಇಷ್ಟ ಮಣ್ಣ ಎಲ್ಲಿಂದ ತಂದ್ರು?" ಅಂತ ಕೇಳಿದಳು. ಸುತ್ತ ಇದ್ದವರೆಲ್ಲ ನಕ್ಕರು. ಅವಳ ಪಾಲಿಗೆ ಬಸವಣ್ಣ ಅಂದರೆ ಮಣ್ಣಿನಲ್ಲೇ ಮಾಡಬೇಕು. ಅಪ್ಪನ ಚೀಲದಿಂದ ತನ್ನ ಕೊಂಬು ಮುರಿದ ಎತ್ತನ್ನು ತೆಗೆಸಿಕೊಂಡು ನಂದಿಯ ಮುಂದೆ ಇಟ್ಟಳು. ಬೆಟ್ಟಕ್ಕೆ ಅದನ್ನು ಹೊತ್ತು ತಂದದ್ದೇ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದಳು. "ಇದು ಇನ್ನ ಸಣ್ಣದೈತಿ. ಬೆಳಿತೈತಿ" ಅಂತ ಅದನ್ನು ವಾಪಸ್ ಡಬ್ಬಿಗೆ ಹಾಕಿಕೊಂಡಳು. ಊರು ಬಿಟ್ಟ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡಿದ್ದು ಅಲ್ಲೇ.

ಕೊನೆಯ ಮೆಟ್ಟಿಲು ಬಂದಾಗ ಸೆರಗಿನ ಗಂಟು ಬಿಚ್ಚಿದೆ. ಯಲ್ಲಮ್ಮನ ಭಂಡಾರವನ್ನು ಅರ್ಧ ತೆಗೆದು ಆ ಮೆಟ್ಟಿಲಿಗೆ ಹಚ್ಚಿದೆ. "ನಮ್ಮ ಮನಿ ತಾಯಿ ಕಳಿಸ್ಯಾಳವ್ವಾ, ನಮ್ಮನ್ನ ನಿನ್ನ ಉಡ್ಯಾಗ ಹಾಕ್ಕೋ" ಅಂದೆ. ಮೈಸೂರಿನ ತಾಯಿಗೆ ಧಾರವಾಡದ ಮಾತು ತಿಳಿಯುತ್ತದೆಯೋ ಇಲ್ಲವೋ ಅನ್ನುವ ಅನುಮಾನ ಒಂದು ಕ್ಷಣವೂ ಬರಲಿಲ್ಲ.

ಸಾಲು ಉದ್ದವಿತ್ತು. ಒಳಗೆ ನಿಂತದ್ದು ನಾಲ್ಕೈದು ಉಸಿರಿನಷ್ಟು ಹೊತ್ತು ಮಾತ್ರ. ಹೂವಿನ ಮಧ್ಯೆ ಎಂಟು ಕೈಯ ತಾಯಿ. ಹತ್ತುವಾಗ ಏನೇನೋ ಹೇಳಬೇಕು ಅಂದುಕೊಂಡಿದ್ದೆ. ಬಾಯಿಂದ ಬಂದದ್ದು "ಬಂದ್ವಿ" ಅನ್ನುವ ಒಂದೇ ಮಾತು. ತವರಿನ ಬಾಗಿಲಲ್ಲಿ ಯಾರಾದರೂ ಅದಕ್ಕಿಂತ ಜಾಸ್ತಿ ಏನು ಹೇಳುತ್ತಾರೆ?

ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದೆವು. ಉಳಿದ ಕುಂಕುಮವನ್ನು ಹೊಸ್ತಿಲಿಗೆ ಹಚ್ಚಿದೆ. ಮಸುಕಾದ ಯಲ್ಲಮ್ಮನ ಪಟವನ್ನೇ ಗೂಡಿನಲ್ಲಿಟ್ಟು ಉಳಿದರ್ಧ ಭಂಡಾರ ಹಚ್ಚಿ ದೀಪ ಹಚ್ಚಿದೆ. ಹೊಸ ಪಟ ತರುವ ಮನಸ್ಸಾಗಲಿಲ್ಲ. ನಮ್ಮ ಜೊತೆ ಮಳೆಯಲ್ಲಿ ನೆನೆದು ಬಂದವಳು ಅವಳು. ಅಜ್ಜಿ ಹಿತ್ತಾಳೆ ಪಾತ್ರೆ ತಂದುಕೊಟ್ಟರು. ಒಲೆಗೆ ಪೂಜೆ ಮಾಡಿ ಹಾಲಿಟ್ಟೆವು. ಮಗಳು ಕುರ್ಚಿಯ ಮೇಲೆ ನಿಂತು ಕಾಯುತ್ತಿದ್ದಳು. ಹಾಲು ಸುತ್ತ ಏರಿ ಬಂದು ಒಂದು ಕಡೆಯಿಂದ ಚೆಲ್ಲಿತು.

ಅತ್ತೆಗೆ ಫೋನ್ ಮಾಡಿದೆ. "ಉಕ್ತೇನವಾ? ಯಾವ ದಿಕ್ಕಿಗೆ ಉಕ್ತು?" ಅಂತ ಅವರು ಕೇಳಿದ್ದು ಅದೊಂದೇ.

ಹೊಸ ಮನೆಯಲ್ಲಿ ನನಗಿನ್ನೂ ದಿಕ್ಕು ತಿಳಿದಿರಲಿಲ್ಲ. ಕಿಟಕಿಯ ಕಡೆ ನೋಡಿದೆ.

"ಬೆಟ್ಟದ ಕಡೆಗ್ರೀ" ಅಂದೆ.